ಸತ್ಯವೇದ ಓದಿಸುವ ಆ್ಯಪ್: ಆಡಿಯೋಗೆ ಪೂರ್ತಿ ಅಂಕ, ಬೆಂಕಿ ಗುರುತಿಗೆ ಸೊನ್ನೆ

ಕನ್ನಡದಲ್ಲಿ ಸತ್ಯವೇದ, ಅಂದರೆ ಬೈಬಲ್, ಓದಿಸುವ ಆ್ಯಪ್‌ಗಳು ಈಗ ಹಲವಾರಿವೆ. ನಾನು ಬರೆಯುತ್ತಿರುವುದು ನಮ್ಮ ಮನೆಯಲ್ಲೂ, ಹಾಸನದ ನಮ್ಮ ಸಭೆಯ (ಚರ್ಚಿನ) ಮಹಿಳಾ ಕೂಟದಲ್ಲೂ ಜಾಸ್ತಿ ಜನ ಹಾಕಿಕೊಂಡಿರುವ ಒಂದರ ಬಗ್ಗೆ. ಹೆಸರು ಬೇಡ ಅನ್ನಿಸಿತು. ನಾನು ಹೇಳಲಿರುವ ದೋಷ ಒಂದೇ ಕಂಪನಿಯದಲ್ಲ. ದಿನಾ ಏನಾದರೂ ಮಾಡಿಸುವ ಎಷ್ಟೋ ಆ್ಯಪ್‌ಗಳಲ್ಲಿ ಅದು ಇದ್ದೇ ಇದೆ. ನಿಮ್ಮ ಫೋನಿನಲ್ಲಿರುವುದಕ್ಕೂ ಈ ಮಾತು ಹೊಂದುತ್ತದೋ ಇಲ್ಲವೋ ಅಂತ ಓದಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಅದು ಬೇಕಾದಷ್ಟಿದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಮಧ್ಯೆ ಜಾಹೀರಾತು ಬರುವುದಿಲ್ಲ. ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದಿದ್ದರೂ ಓದಬಹುದು. ಸಕಲೇಶಪುರದ ಕಡೆ ತೋಟದ ಮನೆಗಳಿಗೆ ಕೂಟದವರು ಪ್ರಾರ್ಥನೆಗೆ ಹೋದಾಗ ಇದು ಎಷ್ಟು ಉಪಯೋಗ ಅಂತ ಗೊತ್ತಾಗುತ್ತದೆ. ಹಳೆಯ ಅನುವಾದವನ್ನೂ ಸುಲಭ ಕನ್ನಡದ ಅನುವಾದವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಒಂದು ಪದ ನೆನಪಿದ್ದು ವಚನ ಎಲ್ಲಿದೆ ಅಂತ ಮರೆತಿದ್ದರೆ ಆ ಪದ ಹಾಕಿದರೆ ಸಾಕು, ಸಿಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ರಾತ್ರಿ ಓದುವವರಿಗೆ ಪರದೆ ಕಪ್ಪು ಮಾಡಿಕೊಳ್ಳುವ ಅನುಕೂಲವೂ ಇದೆ.

ಎಲ್ಲಕ್ಕಿಂತ ಚೆನ್ನಾಗಿರುವುದು ಆಡಿಯೋ. ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಎಷ್ಟು ದೊಡ್ಡ ಅಕ್ಷರ ಹಾಕಿಕೊಟ್ಟರೂ ಅವರಿಗೆ ಸಾಲು ಕದಡುತ್ತದೆ. ಅದಕ್ಕೇ ಕೇಳುತ್ತಾರೆ. ಬೆಳಗ್ಗೆ ಅವರೆಕಾಯಿ ಬಿಡಿಸಲು ಕೂತಾಗ ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸುತ್ತಾರೆ, ಧ್ವನಿ ದೊಡ್ಡದಾಗಲಿ ಅಂತ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದಲ್ಲಿ ಒಂಬತ್ತು ಅಧ್ಯಾಯ ಪೂರ್ತಿ ವಂಶಾವಳಿ ಇದೆಯಲ್ಲ, ಅದನ್ನೂ ಬಿಡದೆ ಕೇಳಿದರು. "ಪಾಪ, ಈ ಹುಡುಗ ಎಷ್ಟು ಹೆಸರು ತಡವರಿಸದೆ ಓದ್ತಾನೆ ನೋಡು" ಅಂದರು. ಓದಿರುವವರ ಕನ್ನಡ ನಿಜಕ್ಕೂ ಸ್ಪಷ್ಟವಾಗಿದೆ. ಅವಸರವಿಲ್ಲ, ನಾಟಕವಿಲ್ಲ, ಹಿಂದೆ ಸಂಗೀತದ ಗದ್ದಲವೂ ಇಲ್ಲ. ಕಣ್ಣು ಮಂಜಾದವರಿಗೆ, ಓದು ಬಾರದವರಿಗೆ ಇಂಥದ್ದು ಪುಕ್ಕಟೆಯಾಗಿ ಸಿಗುತ್ತಿದೆ ಅನ್ನುವುದು ಸಣ್ಣ ವಿಷಯವಲ್ಲ. ಇದನ್ನು ಮಾಡಿದವರಿಗೆ ನಾನು ಮನಸಾರೆ ಕೃತಜ್ಞಳು.

ಇನ್ನು ಓದುವ ಯೋಜನೆಗಳು. ನಮ್ಮ ಸಭೆಗಳಲ್ಲಿ ಇದರ ಕಾಲ ಯಾವುದು ಅಂತ ನಿಮಗೂ ಗೊತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುತ್ತದೆ. ಎಲ್ಲರೂ ತಟ್ಟೆಯಿಂದ ಒಂದೊಂದು ವಾಗ್ದಾನದ ಕಾರ್ಡ್ ಎತ್ತಿಕೊಳ್ಳುತ್ತಾರೆ. ಸಭಾಪಾಲಕರು ಈ ವರ್ಷ ಎಲ್ಲರೂ ಸತ್ಯವೇದವನ್ನು ಪೂರ್ತಿ ಓದಿ ಮುಗಿಸೋಣ ಅನ್ನುತ್ತಾರೆ. ಅಲ್ಲೇ, ಕೇಕ್ ತಿನ್ನುತ್ತಲೇ, ಫೋನ್ ತೆಗೆದು ಯೋಜನೆ ಆರಿಸಿಕೊಳ್ಳುತ್ತೇವೆ. 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಲೆಕ್ಕ ಸುಲಭ. ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ಫೆಬ್ರವರಿಯಲ್ಲಿ ಬರೀ ನಿಯಮಗಳೇ ತುಂಬಿದ ಯಾಜಕಕಾಂಡ ಬಂದಾಗ ಕೂಟದ ಅರ್ಧ ಜನ ಮಾತು ಬದಲಾಯಿಸುತ್ತಾರೆ.

ಆ್ಯಪಿನಲ್ಲಿರುವ ಯೋಜನೆಗಳಲ್ಲಿ ಒಂದಕ್ಕೆ ದೊಡ್ಡ ಇತಿಹಾಸವಿದೆ. ರಾಬರ್ಟ್ ಮರ್ರೆ ಮೆಕ್‌ಚೇನ್ ಅಂತ ಒಬ್ಬ ತರುಣ ಸಭಾಪಾಲಕ. ಸ್ಕಾಟ್ಲೆಂಡಿನ ಡಂಡೀ ಊರಿನ ಸೇಂಟ್ ಪೀಟರ್ಸ್ ಸಭೆಯಲ್ಲಿದ್ದವನು. 1842ರ ಕೊನೆಯಲ್ಲಿ ತನ್ನ ಸಭೆಯವರಿಗಾಗಿ ಒಂದು ಪಟ್ಟಿ ಮಾಡಿಕೊಟ್ಟ. ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. 1843ರ ಮಾರ್ಚಿನಲ್ಲಿ, ತನ್ನ 29ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ತನ್ನದೇ ಪಟ್ಟಿಯ ಮೊದಲ ವರ್ಷವನ್ನು ಅವನು ಮುಗಿಸಲೇ ಇಲ್ಲ. ಆದರೆ ಪಟ್ಟಿ ಉಳಿಯಿತು. ಇವತ್ತಿಗೂ ಲೋಕದ ಎಲ್ಲಾ ಕಡೆ ಜನ ಅದನ್ನು ಹಿಡಿದು ಓದುತ್ತಾರೆ.

ಮೆಕ್‌ಚೇನ್ ಪಟ್ಟಿಯ ಜೊತೆಗೆ ಎಚ್ಚರಿಕೆಗಳನ್ನೂ ಬರೆದಿದ್ದ. ಹೀಗೆ ಓದುವುದರಿಂದ ಆಗುವ ಲಾಭಕ್ಕಿಂತ ಮೊದಲು ಅಪಾಯಗಳನ್ನೇ ಹೇಳಿದ್ದ. ಓದು ಬರೀ ವಾಡಿಕೆಯಾಗಿಬಿಡಬಹುದು. ಇವತ್ತಿನ ಪಾಲು ಮುಗಿಸಿದೆ ಅಂತ ನಾನೇ ನೀತಿವಂತ ಅನ್ನಿಸಬಹುದು. ಮನಸ್ಸಿಡದೆ ಓದಿಬಿಡಬಹುದು. ನಾಲ್ಕನೆಯದು, ಅದು ಹೊರಲಾಗದ ನೊಗವಾಗಬಹುದು. ಕೆಲವರು ಮೊದಲು ಹುರುಪಿನಿಂದ ಓದಿ, ಆಮೇಲೆ ರುಚಿಯೇ ಇಲ್ಲದೆ ಮನಸ್ಸಾಕ್ಷಿ ಎಳೆದುಕೊಂಡು ಹೋದಂತೆ ಓದುತ್ತಾರೆ, ಅಂಥವರು ಈ ಸಂಕೋಲೆಯನ್ನು ಬಿಸಾಡಿ ದೇವರ ತೋಟದಲ್ಲಿ ಸ್ವತಂತ್ರವಾಗಿ ಉಣ್ಣಲಿ ಅಂತ ಬರೆದಿದ್ದ. ಪಟ್ಟಿ ಮಾಡಿದವನೇ ಹೇಳಿದ ಮಾತು ಇದು. ಆ್ಯಪಿನಲ್ಲಿ ಅವನ ಪಟ್ಟಿ ಇದೆ. ಆ ಎಚ್ಚರಿಕೆ ಎಲ್ಲೂ ಇಲ್ಲ. ಅದರ ಜಾಗದಲ್ಲಿ ಬೆಂಕಿ ಗುರುತಿದೆ.

ಬೆಂಕಿ ಗುರುತು ಅಂದರೆ ಗೊತ್ತಲ್ವಾ? ದಿನಾ ತೆರೆದು ಓದಿದರೆ ಒಂದು ಸಣ್ಣ ಜ್ವಾಲೆ, ಪಕ್ಕದಲ್ಲಿ ಅಂಕಿ. ಬಿಡದೆ ಓದಿದಷ್ಟೂ ಅಂಕಿ ಏರುತ್ತದೆ. ಒಂದು ದಿನ ತಪ್ಪಿದರೆ ಸೊನ್ನೆ. ಮಕ್ಕಳು ಸ್ನ್ಯಾಪ್‌ಚಾಟಿನಲ್ಲಿ ಗೆಳೆಯರ ಜೊತೆ ಕಾಪಾಡಿಕೊಳ್ಳುವುದೂ ಇದನ್ನೇ, ಡುಯೋಲಿಂಗೋದಲ್ಲಿ ಭಾಷೆ ಕಲಿಯುವವರು ನೋಡುವುದೂ ಇದನ್ನೇ. ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಗುಟ್ಟೇನಲ್ಲ. ಸಿಕ್ಕಿದ್ದರ ಖುಷಿಗಿಂತ ಕಳೆದುಕೊಂಡಿದ್ದರ ನೋವು ಮನುಷ್ಯನಿಗೆ ಜಾಸ್ತಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್‌ಸ್ಕಿ ಇದನ್ನು 1979ರಲ್ಲೇ ಬರೆದು ತೋರಿಸಿದ್ದಾರೆ. ಅಂಕಿ ಸಣ್ಣದಿದ್ದಾಗ ಓದಬೇಕು ಅಂತ ಓದುತ್ತೇವೆ. ದೊಡ್ಡದಾದ ಮೇಲೆ ಅದು ಹೋಗಬಾರದು ಅಂತ ಓದುತ್ತೇವೆ. ಚೀಟಿಯ ಕೊನೆಯ ಕಂತುಗಳ ಹೊತ್ತಿಗೆ ಹುಟ್ಟುವ ಭಯದ ಹಾಗೆ ಅದು. ಹಾಕಿದ್ದೆಲ್ಲ ಎಲ್ಲಿ ಮುಳುಗುತ್ತದೋ ಅನ್ನುವ ಭಯ.

ನಮ್ಮ ಅಕ್ಕ ಮೈಸೂರಿನಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಭಾವನಿಗೆ ಡೆಂಗ್ಯೂ ಆಯಿತು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು, ಆಸ್ಪತ್ರೆಗೆ ಸೇರಿಸಿದರು. ಅಕ್ಕನ ಜೊತೆ ರಾತ್ರಿ ಇರಲು ನಾನು ಹೋದೆ. ಅಕ್ಕ ಹಗಲೆಲ್ಲ ಭಾವನ ಪಕ್ಕದಲ್ಲೇ. ಕೈ ಹಿಡಿದುಕೊಂಡು ಪ್ರಾರ್ಥನೆ ಮಾಡುತ್ತಿದ್ದಳು. ಪಕ್ಕದ ಮಂಚದಲ್ಲಿ ಹುಣಸೂರಿನ ಕಡೆಯ ಒಬ್ಬ ಅಜ್ಜಿ ಇದ್ದರು, ಅವರಿಗೆ ಯಾರೂ ಜೊತೆಗಿರಲಿಲ್ಲ. ಅವರಿಗೂ ಗಂಜಿ ಕುಡಿಸುತ್ತಿದ್ದಳು. ಆ ಅಜ್ಜಿ ಕೇಳಿದಾಗ 91ನೇ ಕೀರ್ತನೆಯನ್ನು ಬಾಯಿಪಾಠವಾಗಿಯೇ ಹೇಳಿದಳು, ಸಣ್ಣ ದನಿಯಲ್ಲಿ.

ರಾತ್ರಿ ಹನ್ನೊಂದೂವರೆ ದಾಟಿರಬೇಕು. ಅಕ್ಕ ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ಲಿಫ್ಟಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ವಾರ್ಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಅಲ್ಲಿ ಮಾತ್ರ ಸಿಗುತ್ತದೆ. ಅವತ್ತಿನ ಪಾಲು ಅರಣ್ಯಕಾಂಡದ ಏಳನೇ ಅಧ್ಯಾಯ. ಹನ್ನೆರಡು ಕುಲದ ಪ್ರಧಾನರು ತಂದ ಕಾಣಿಕೆ, ಹನ್ನೆರಡು ಸಲ ಅದೇ ಬೆಳ್ಳಿ ತಟ್ಟೆ, ಅದೇ ಬೋಗುಣಿ, 89 ವಚನ. ಅವಳು ಓದುತ್ತಿರಲಿಲ್ಲ. ಹೆಬ್ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳುತ್ತಿದ್ದಳು. ಕೊನೆ ಮುಟ್ಟಿದಾಗಲೇ ಸರಿ ಗುರುತು ಬರುವುದು. ಬಂತು. ಜ್ವಾಲೆ ಹೊಳೆಯಿತು, ಅಂಕಿ ಒಂದು ಏರಿತು. "ಅಬ್ಬ, ಆಯ್ತು" ಅಂದಳು. ಅಷ್ಟರಲ್ಲಿ ನರ್ಸ್ ಬಂದು, "ನಿಮ್ಮ ಮನೆಯವರು ನೀರು ಕೇಳ್ತಿದಾರಮ್ಮ" ಅಂದರು.

ಇದಾದ ಮೇಲೆ ಒಂದು ರಾತ್ರಿ ಫೋನಿನ ಚಾರ್ಜ್ ಮುಗಿಯಿತು. ಬೆಳಗ್ಗೆ ತೆರೆದರೆ ಜ್ವಾಲೆ ಬೂದಿ ಬಣ್ಣ. "ಮತ್ತೆ ಶುರು ಮಾಡಿ! ದಿನ 1" ಅಂತ ಬಂದಿತ್ತು. ಕೆಳಗೆ ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಅತ್ತಳು. ಭಾವನ ಪ್ಲೇಟ್‌ಲೆಟ್ ಏರಲು ಶುರುವಾಗಿದ್ದ ದಿನ ಅದು. "ಇಷ್ಟು ದಿನ ಮಾಡಿದ್ದೆಲ್ಲ ಹೋಯ್ತಲ್ಲ ಕಣೇ" ಅಂದಳು. ಭಾವ ಮನೆಗೆ ಬಂದರು, ಚೇತರಿಸಿಕೊಂಡರು. ಅಕ್ಕ ಮಾತ್ರ ಎಷ್ಟೋ ವಾರ ಸತ್ಯವೇದ ತೆರೆಯಲಿಲ್ಲ. ಆ್ಯಪ್ ಅಷ್ಟೇ ಅಲ್ಲ, ಮದುವೆಯಲ್ಲಿ ಕೊಟ್ಟ ಜಿಪ್ ಇರುವ ಕಪ್ಪು ಪುಸ್ತಕವನ್ನೂ ತೆರೆಯಲಿಲ್ಲ.

ಅಕ್ಕನನ್ನು ಬಲ್ಲವರು ಯಾರೂ ಅವಳಿಗೆ ನಂಬಿಕೆ ಕಮ್ಮಿ ಅನ್ನಲಾರರು. ನನಗೆ ಬೇಜಾರಾಗಿದ್ದು ಆ್ಯಪಿನ ಲೆಕ್ಕದ ಬಗ್ಗೆ. ಆ ವಾರ್ಡಿನಲ್ಲಿ ಅವಳು ಮಾಡಿದ ಪ್ರಾರ್ಥನೆ, ಹೇಳಿದ ಕೀರ್ತನೆ, ಕುಡಿಸಿದ ಗಂಜಿ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಹೆಬ್ಬೆರಳಿನಿಂದ ತಳ್ಳಿದ ಅರಣ್ಯಕಾಂಡಕ್ಕೆ ಮಾತ್ರ ಅಂಕ ಸಿಕ್ಕಿತು.

ಲೂಕನ ಸುವಾರ್ತೆಯ 18ನೇ ಅಧ್ಯಾಯವನ್ನು ಈ ಆ್ಯಪ್ ಮಾಡುವವರು ಒಂದು ಸಲ ನಿಧಾನವಾಗಿ ಓದಬೇಕು ಅಂತ ನನ್ನ ಆಸೆ. ಅದರ ಮೊದಲ ಸಾಮ್ಯ ವಿಧವೆಯದು. ನ್ಯಾಯಾಧಿಪತಿಗೆ ದೇವರ ಭಯವಿಲ್ಲ, ಜನರ ಹಂಗಿಲ್ಲ. ಅವನ ಹತ್ತಿರ ನ್ಯಾಯ ಕೇಳಲು ಹೋದ ಅವಳು ಬಿಡುವುದಿಲ್ಲ. ಮತ್ತೆ ಮತ್ತೆ ಬರುತ್ತಾಳೆ. ಬೇಸರಪಡದೆ ಪ್ರಾರ್ಥನೆ ಮಾಡಬೇಕು ಅಂತಲೇ ಯೇಸು ಈ ಕಥೆ ಹೇಳಿದ್ದು. ಅದರ ಹಿಂದೆಯೇ, ಅದೇ ಅಧ್ಯಾಯದಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದ ಒಬ್ಬ ಫರಿಸಾಯ ಬರುತ್ತಾನೆ. ವಾರಕ್ಕೆ ಎರಡು ಸಲ ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ಅವನೂ ಬಿಡದೆ ಮಾಡುವವನೇ. ಶಿಸ್ತಿನಲ್ಲಿ ಅವಳಿಗಿಂತ ಒಂದು ಕೈ ಮೇಲೆ. ಆದರೆ ಅವನು ದೇವರ ಮುಂದೆ ನಿಂತು ಅಂಕಿ ಒಪ್ಪಿಸುತ್ತಾನೆ. ವಿಧವೆ ಎಷ್ಟು ಸಲ ಬಂದಳು ಅಂತ ಯಾರೂ ಎಣಿಸಿಲ್ಲ. ಅವಳಿಗೂ ಲೆಕ್ಕ ಇರಲಿಕ್ಕಿಲ್ಲ. ಅವಳಿಗೆ ಬೇಕಾಗಿದ್ದದ್ದು ನ್ಯಾಯ, ಅವಳ ಕಣ್ಣು ಇದ್ದದ್ದು ಅದನ್ನು ಕೊಡಬಲ್ಲವನ ಮುಖದ ಮೇಲೆ.

ನಮ್ಮ ಕೂಟದಲ್ಲಿ ಇದನ್ನು ಹೇಳಿದಾಗ ಸಭೆಯ ಹಿರಿಯರೊಬ್ಬರು, "ಹಾಗಾದ್ರೆ ಶಿಸ್ತೇ ಬೇಡ ಅಂತೀಯೇನಮ್ಮ?" ಅಂದರು. ಬೇಕು ಅಂಕಲ್, ಖಂಡಿತ ಬೇಕು. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರಿದ, ಸಿಂಹದ ಗವಿಗೆ ಹಾಕುತ್ತಾರೆ ಅಂತ ಗೊತ್ತಿದ್ದೂ ನಿಲ್ಲಿಸಲಿಲ್ಲ. ಆದರೆ ಬಿಡದೆ ಹಿಡಿಯುವುದಕ್ಕೂ ಗೀಳಿಗೂ ನಡುವೆ ಒಂದು ಗೆರೆ ಇದೆ. ಪೌಲನನ್ನು ನೋಡಿ. ಶರೀರದಲ್ಲಿ ನಾಟಿದ್ದ ಶೂಲ ತೆಗೆಯಬೇಕು ಅಂತ ಮೂರು ಸಲ ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಅಲ್ಲಿಗೆ ಅದನ್ನು ಕೇಳುವುದು ಬಿಟ್ಟ, ಕೆಲಸಕ್ಕೆ ಹೊರಟ. ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೂರು ಸಲ ಅದೇ ಮಾತಿನಲ್ಲಿ ಪ್ರಾರ್ಥಿಸಿ, ಆಮೇಲೆ ಎದ್ದು ನಡೆದನು. ಕೇಳುವುದರಲ್ಲಿ ಗಟ್ಟಿ, ಉತ್ತರ ಬಂದ ಮೇಲೆ ಒಪ್ಪಿಕೊಳ್ಳುವುದರಲ್ಲೂ ಗಟ್ಟಿ. ಗೀಳಿಗೆ ಈ ಎರಡನೆಯದು ಆಗುವುದಿಲ್ಲ. ಅದಕ್ಕೆ ಉತ್ತರ ಕೇಳಿಸುವುದೇ ಇಲ್ಲ.

ಆ್ಯಪಿನಲ್ಲಿ ಇನ್ನೊಂದು ಬಟನ್ ಇದೆ. ಹಿಂದುಳಿದವರಿಗೆ ಅದು. ಒತ್ತಿದರೆ ತಪ್ಪಿದ ದಿನಗಳ ಅಧ್ಯಾಯಗಳೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ, ಕೂತು ತೀರಿಸಬೇಕು. ಇದನ್ನು ನೋಡಿದಾಗಲೆಲ್ಲ ನನಗೆ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ನೆನಪಾಗುತ್ತಾನೆ. ಸನ್ಯಾಸಿಯಾಗಿದ್ದಾಗ ದಿನದ ಗೊತ್ತಾದ ಪ್ರಾರ್ಥನೆಗಳಲ್ಲಿ ಒಂದನ್ನೂ ಬಿಡಬಾರದು ಅಂತಿದ್ದ. ಪಾಠ ಹೇಳುವ, ಬರೆಯುವ ಕೆಲಸ ಜಾಸ್ತಿಯಾಗಿ ಪ್ರಾರ್ಥನೆಗಳು ವಾರಗಟ್ಟಲೆ ಬಾಕಿ ಬೀಳುತ್ತಿದ್ದವು. ಆಗ ಶನಿವಾರ ಕೋಣೆ ಬಾಗಿಲು ಹಾಕಿಕೊಳ್ಳುತ್ತಿದ್ದ, ಕೆಲವೊಮ್ಮೆ ಮೂರು ದಿನ ಅನ್ನ ನೀರಿಲ್ಲದೆ ಬಾಕಿ ತೀರಿಸುತ್ತಿದ್ದ. ಕೊನೆಗೆ ತಲೆ ಸಿಡಿದು, ಐದು ರಾತ್ರಿ ಕಣ್ಣು ಮುಚ್ಚಲಾಗದೆ ಸಾಯುವ ಹಾಗಾಯಿತು ಅಂತ ವಯಸ್ಸಾದ ಮೇಲೆ ಊಟದ ಮೇಜಿನಲ್ಲಿ ತಾನೇ ಹೇಳಿಕೊಂಡಿದ್ದಾನೆ. ಪಾಪ ಅರಿಕೆ ಮಾಡಲು ಕೂತರೂ ಹಾಗೇ, ಒಮ್ಮೊಮ್ಮೆ ಆರು ಗಂಟೆ. ಅವನ ಮೇಲಿನವರಾಗಿದ್ದ ಯೋಹಾನ್ ಸ್ಟೌಪಿಟ್ಸ್ ಅವನ ಕಣ್ಣನ್ನು ಪಾಪದ ಪಟ್ಟಿಯಿಂದ ಕ್ರಿಸ್ತನ ಗಾಯಗಳ ಕಡೆಗೆ ತಿರುಗಿಸಲು ಎಷ್ಟು ಸಹನೆಯಿಂದ ದುಡಿದರು ಅಂತ ಲೂಥರ್ ಜೀವನಪೂರ್ತಿ ನೆನೆಸಿಕೊಂಡ.

ಕಥೋಲಿಕರಲ್ಲೂ ಇದು ಗೊತ್ತಿರುವ ನೋವೇ. ಆಮೇಲೆ ಯೇಸುಸಭೆ ಕಟ್ಟಿದ ಲೊಯೊಲಾದ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾ ಅನ್ನುವ ಊರಿನಲ್ಲಿದ್ದ. ದಿನಕ್ಕೆ ಏಳು ಗಂಟೆ ಮೊಣಕಾಲ ಮೇಲೆ. ಅರಿಕೆ ಮಾಡಿದ ಪಾಪ ಸರಿಯಾಗಿ ಹೇಳಿದೆನೋ ಇಲ್ಲವೋ ಅನ್ನುವ ಸಂಶಯ ಬಿಡದೆ ಕಾಡಿ, ಒಂದು ವಾರ ಏನೂ ತಿನ್ನದೆ ಕೂತ. ಅವನ ಗುರು ಹೇಳಿದ್ದು ಇನ್ನಷ್ಟು ಪ್ರಾರ್ಥಿಸು ಅಂತಲ್ಲ, ಊಟ ಮಾಡು ಅಂತ.

ಊಟ ಮಾಡು ಅನ್ನುವುದು ಸತ್ಯವೇದದಲ್ಲೂ ಇದೆ. ಪ್ರವಾದಿ ಎಲೀಯ ಸೋತು ಗಿಡದ ಕೆಳಗೆ ಬಿದ್ದುಕೊಂಡು ಸಾಕು ಸ್ವಾಮೀ ಅಂದಾಗ ದೇವದೂತ ತಂದದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದ್ದೇ. ಹೋರೇಬಿನವರೆಗೆ ನಲವತ್ತು ದಿನ ನಡೆದದ್ದು ಆಮೇಲೆ. ಮರುಭೂಮಿಯಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಆಹಾರ ಮನ್ನಾದ ಕಥೆಯೂ ಹಾಗೇ. ಆಯಾ ದಿನದ್ದು ಆಯಾ ದಿನ ಕೂಡಿಸಿಕೊಳ್ಳಬೇಕು. ನಾಳೆಗೆ ಅಂತ ಇಟ್ಟರೆ ಹುಳ ಬೀಳುತ್ತದೆ. ತಪ್ಪಿದ ದಿನದ್ದನ್ನು ಇವತ್ತು ಸೇರಿಸಿ ತೀರಿಸು ಅನ್ನುವ ಮಾತೇ ಅಲ್ಲಿಲ್ಲ. ಮತ್ತೆ ಏಳನೆಯ ದಿನ ಯಾರೂ ಹೊರಗೆ ಹೋಗಿ ಕೂಡಿಸುವ ಹಾಗಿಲ್ಲ. ಬೆಂಕಿ ಗುರುತಿಗೆ ಏಳನೆಯ ದಿನವೇ ಇಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅವರಿಗೆ ಪೊರೆ ಆಪರೇಷನ್ ಆಯಿತು. ಸ್ವಲ್ಪ ದಿನ ಫೋನ್ ಮುಟ್ಟಲಿಲ್ಲ, ಆಮೇಲೆ ಊರಿಂದ ನೆಂಟರು ಬಂದರು, ಹೀಗೇ ದಿನ ಹೋಯಿತು. ಒಂದು ಬೆಳಗ್ಗೆ ಲೋಟ ತಂದಿಟ್ಟು, "ಎಲ್ಲಿಗೆ ನಿಲ್ಸಿದ್ದೆ ನಾನು? ಯೋಬ ಇನ್ನೂ ಬೂದೀಲಿ ಕೂತಿದ್ದ ಅಲ್ವಾ" ಅಂದರು. ಹಾಕಿಕೊಟ್ಟೆ. ಕೇಳಿದರು. ಜ್ವಾಲೆ ಇದೆ ಅನ್ನುವುದೇ ಅವರಿಗೆ ಗೊತ್ತಿಲ್ಲ, ಪರದೆ ನೋಡುವುದೇ ಇಲ್ಲವಲ್ಲ. ಹೀಗೆ ಎಷ್ಟೋ ವರ್ಷದಿಂದ, ಬಿಟ್ಟು ಬಿಟ್ಟು, ಸತ್ಯವೇದವನ್ನು ಸುತ್ತಿ ಸುತ್ತಿ ಬಂದಿದ್ದಾರೆ. ಮೊದಲು ಕಣ್ಣಿಂದ, ಈಗ ಕಿವಿಯಿಂದ. ಆ್ಯಪಿನ ಲೆಕ್ಕದಲ್ಲಿ ಅಮ್ಮ ಸದಾ ಮೊದಲ ಮೆಟ್ಟಿಲಲ್ಲೇ ಇರುವವರು.

ಇದಕ್ಕೆ ಸಂಶೋಧಕರ ಬೆಂಬಲವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು, ಹೊಸ ಅಭ್ಯಾಸ ಹೇಗೆ ಊರುತ್ತದೆ ಅಂತ ನೋಡಿದರು. 2009ರಲ್ಲಿ ಅದು ಹೊರಬಂತು. ಅಭ್ಯಾಸ ಊರಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಅಂತ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ ಅಂತಲೂ ಗೊತ್ತಾಯಿತು. ಹಾಗಿದ್ದ ಮೇಲೆ ಒಂದು ದಿನಕ್ಕೆ ಎಲ್ಲವನ್ನೂ ಸೊನ್ನೆ ಮಾಡುವುದು ಓದುವವರ ಒಳ್ಳೆಯದಕ್ಕೆ ಅಂತೂ ಅಲ್ಲ.

ಆದ್ದರಿಂದ ಹಾಕಿಕೊಳ್ಳುವವರಿಗೆ ನನ್ನ ಮಾತು ಇಷ್ಟು. ಆ್ಯಪ್ ಹಾಕಿಕೊಳ್ಳಿ. ಹಾಕಿದ ತಕ್ಷಣ ಸೆಟ್ಟಿಂಗ್ಸಿಗೆ ಹೋಗಿ ರಾತ್ರಿ ಬರುವ ನೆನಪಿನ ಸಂದೇಶ ನಿಲ್ಲಿಸಿ. ಬೆಳಗ್ಗೆಯದು ಒಂದು ಇರಲಿ, ಅದು ಒಳ್ಳೆಯದೇ. ಜ್ವಾಲೆ ಮುಚ್ಚಿಡುವ ಆಯ್ಕೆ ನಮ್ಮ ಆ್ಯಪಿನಲ್ಲಿ ಮೂರು ಪುಟದ ಒಳಗೆ ಅಡಗಿದೆ, ಪ್ರೊಫೈಲ್ ಭಾಗದಲ್ಲಿ ಹುಡುಕಿ. ದಿನಾಂಕ ಇರುವ ಯೋಜನೆ ಬೇಡ, ಒಂದೊಂದೇ ಪುಸ್ತಕದ ಯೋಜನೆ ಆರಿಸಿ. ಹಿಂದುಳಿದವರ ಬಟನ್ ಒತ್ತಬೇಡಿ. ತಪ್ಪಿದರೆ ಇವತ್ತಿನದನ್ನು ಓದಿ, ಸಾಕು. ಗೆಳತಿಯರಿಗೆ ನಿಮ್ಮ ಅಂಕಿ ಕಾಣುವ ಆಯ್ಕೆಯನ್ನೂ ತೆಗೆಯಿರಿ. ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಜ್ವಾಲೆಯ ಸ್ಕ್ರೀನ್‌ಶಾಟ್ ಹಾಕುವುದನ್ನು ನಾವು ಮಾತಾಡಿಕೊಂಡು ನಿಲ್ಲಿಸಿದ್ದೇವೆ.

ಇದರ ಜೊತೆ ಒಂದು ಮಾತು, ತುಂಬಾ ಮುಖ್ಯ. ಕೆಲವರಿಗೆ ಇದು ಆ್ಯಪಿನಿಂದ ಬಂದದ್ದೇ ಆಗಿರುವುದಿಲ್ಲ. ಪ್ರಾರ್ಥನೆಯ ಒಂದು ಪದ ತಪ್ಪಿತೇನೋ ಅಂತ ಮತ್ತೆ ಮೊದಲಿಂದ ಹೇಳುವುದು, ಅದೂ ಸರಿಹೋಗಲಿಲ್ಲ ಅಂತ ಮತ್ತೆ ಹೇಳುವುದು. ಕ್ಷಮೆ ಕೇಳಿದ ಪಾಪಕ್ಕೇ ದಿನಾ ಕ್ಷಮೆ ಕೇಳುವುದು. ಬೇಡದ ಯೋಚನೆ ಒಂದು ಬಂತು ಅಂತ ಗಂಟೆಗಟ್ಟಲೆ ಒದ್ದಾಡುವುದು. ಇದು ಗೀಳು ಕಾಯಿಲೆಯ ಒಂದು ರೂಪ ಇರಬಹುದು. ನಂಬಿಕೆ ಕಮ್ಮಿಯಾಗಿದ್ದಕ್ಕೆ ಬರುವುದಲ್ಲ, ಉಪವಾಸ ಹೆಚ್ಚಿಸಿದರೆ ಹೋಗುವುದೂ ಅಲ್ಲ. ಇದಕ್ಕೆ ಮಾತ್ರೆ ಇದೆ. ಭಯ ಬಂದರೂ ಆ ಕೆಲಸವನ್ನು ಮತ್ತೆ ಮಾಡದೆ ಇರಲು ಮೆಲ್ಲಗೆ ಕಲಿಸುವ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಭಾಪಾಲಕರ ಹತ್ತಿರವೂ ಹೋಗಿ, ಡಾಕ್ಟರ ಹತ್ತಿರವೂ ಹೋಗಿ.

ಆ್ಯಪ್ ಮಾಡುವವರಿಗೆ ಕೇಳಿಕೊಳ್ಳುವುದು ಎರಡೇ. ಮೆಕ್‌ಚೇನ್‌ನ ಪಟ್ಟಿ ಎಲ್ಲಿದೆಯೋ ಅಲ್ಲೇ ಅವನ ಎಚ್ಚರಿಕೆಯನ್ನೂ ಕನ್ನಡದಲ್ಲಿ ಹಾಕಿ. ಇನ್ನೊಂದು, ಒಬ್ಬೊಬ್ಬರ ಜ್ವಾಲೆ ತೆಗೆದು ಗುಂಪಿನ ಓದನ್ನು ತನ್ನಿ. ಜರ್ಮನಿಯ ಹೆರ್ನ್‌ಹೂಟ್ ಊರಿನಲ್ಲಿ ಮೊರಾವಿಯನ್ ಪಂಗಡದ ವಿಶ್ವಾಸಿಗಳು 1727ರ ಆಗಸ್ಟ್‌ನಲ್ಲಿ ಹಗಲು ರಾತ್ರಿ ಎಡೆಬಿಡದ ಪ್ರಾರ್ಥನೆ ಶುರು ಮಾಡಿದರು. 24 ಗಂಡಸರು, 24 ಹೆಂಗಸರು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗಂಟೆ. ಅದು ನೂರು ವರ್ಷ ದಾಟಿ ನಡೆಯಿತು. ಒಬ್ಬರೇ ಇಪ್ಪತ್ತನಾಲ್ಕು ಗಂಟೆ ಎಚ್ಚರವಿರಲಿಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಎದ್ದಿದ್ದರು. ಆಸ್ಪತ್ರೆಯ ರಾತ್ರಿಗಳಲ್ಲಿ ಅಕ್ಕನ ಪಾಲಿನ ಅಧ್ಯಾಯವನ್ನು ಹಾಸನದಲ್ಲಿ ನಮ್ಮಲ್ಲೊಬ್ಬರು ಓದುವ ಹಾಗಿದ್ದರೆ ಅವಳು ಭಾವನ ಪಕ್ಕದಲ್ಲೇ ಕೂತಿರಬಹುದಿತ್ತು.

ನನ್ನ ಅಂಕ: ಆಡಿಯೋಗೆ ಐದಕ್ಕೆ ಐದು. ಪಠ್ಯ, ಹುಡುಕಾಟ, ನೆಟ್ ಇಲ್ಲದೆ ಓದುವುದಕ್ಕೆ ನಾಲ್ಕೂವರೆ. ಯೋಜನೆಗಳಿಗೆ ಮೂರು. ಬೆಂಕಿ ಗುರುತಿಗೆ ಸೊನ್ನೆ. ಒಟ್ಟು ಮೂರು ನಕ್ಷತ್ರ ಕೊಟ್ಟಿದ್ದೇನೆ. ಜ್ವಾಲೆ ತೆಗೆದ ದಿನ ಬಂದು ತಿದ್ದುತ್ತೇನೆ.

ಅಲ್ಲಿಯವರೆಗೆ ನಮ್ಮ ಕೂಟ ಕಾಗದದ ಕಾರ್ಡ್ ಮಾಡಿಕೊಂಡಿದೆ. ಎ4 ಹಾಳೆಯ ಅರ್ಧ, ದಪ್ಪ ಕಾಗದ. 66 ಪುಸ್ತಕದ ಹೆಸರು, ಪ್ರತಿ ಹೆಸರಿನ ಮುಂದೆ ಅಧ್ಯಾಯಗಳಷ್ಟು ಚಿಕ್ಕ ಚೌಕ. ದಿನಾಂಕ ಇಲ್ಲ, ವರ್ಷ ಇಲ್ಲ. ಓದಿದ್ದಕ್ಕೆ ಪೆನ್ಸಿಲ್ ಗೀಟು, ಅಷ್ಟೇ. ಅಕ್ಕನೂ ಒಂದು ಇಸಿದುಕೊಂಡಿದ್ದಾಳೆ, ಈಗ ರೂತಳ ಪುಸ್ತಕ ಓದುತ್ತಿದ್ದಾಳೆ. ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಸಬಹುದು. ಕೀರ್ತನೆಗಳಿಗೆ ಮಾತ್ರ ಜಾಸ್ತಿ ಜಾಗ ಬಿಡಿ, 150 ಚೌಕ ಬೇಕು. 119ನೇ ಕೀರ್ತನೆಯಲ್ಲಿ 176 ವಚನ ಇರುವುದರಿಂದ ನಾವು ಅದಕ್ಕೆ ಎಂಟೆಂಟು ವಚನಕ್ಕೊಂದರಂತೆ ಬೇರೆಯೇ 22 ಚೌಕ ಹಾಕಿದ್ದೇವೆ.